58 ಸಾವಿರ ಮತದಾರರ ಲೋಕಸಭಾ ಕ್ಷೇತ್ರ: ಲಕ್ಷದ್ವೀಪದ ಚುನಾವಣೆಗಳು

ಪ್ರಶ್ನೆ: ನಾನು ಮಂಗಳೂರಿನ ಬಂದರು ಪ್ರದೇಶದಲ್ಲಿ ಬೆಳೆದವನು. ಲಕ್ಷದ್ವೀಪಕ್ಕೆ ಸರಕು ಹೊತ್ತು ಹೋಗುವ ಮಂಜಿಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಮ್ಮ ಒಂದು ತಾಲ್ಲೂಕಿನಷ್ಟೂ ಜನರಿಲ್ಲದ ಆ ದ್ವೀಪಗಳಿಗೆ ಪ್ರತ್ಯೇಕ ಸಂಸದರನ್ನು ಕೊಟ್ಟದ್ದು ಏಕೆ? ಅಲ್ಲಿ ಒಬ್ಬರೇ ಹತ್ತು ಸಲ ಗೆದ್ದು, ಕೊನೆಗೆ 71 ಮತಗಳಿಂದ ಸೋತರು ಎನ್ನುತ್ತಾರೆ, ನಿಜವೇ? ಮಹಾರಾಷ್ಟ್ರದ ಎನ್‌ಸಿಪಿಗೆ ಅಲ್ಲಿ ನೆಲೆ ಸಿಕ್ಕಿದ್ದು ಹೇಗೆ? ನಮ್ಮ ಕಡೆಯವರು ಅಲ್ಲಿಗೆ ಹೋಗಿ ಸ್ಪರ್ಧಿಸಬಹುದೇ?

ಉತ್ತರ: ಪಿ.ಎಂ. ಸಯೀದ್ ಎಂಬವರು ಹತ್ತು ಸಲ ಗೆದ್ದದ್ದೂ ನಿಜ, 71 ಮತಗಳಿಂದ ಸೋತದ್ದೂ ನಿಜ. ಆದರೆ ಆ ಸೋಲು, ಎನ್‌ಸಿಪಿಯ ಗೆಲುವು, ಆಮೇಲೆ ನ್ಯಾಯಾಲಯದವರೆಗೂ ಹೋದ ಗೊಂದಲ ಇವೆಲ್ಲವೂ ಒಂದೇ ಎಳೆಯಲ್ಲಿ ಬರುವ ಸಂಗತಿಗಳಾದ್ದರಿಂದ ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಲಕ್ಷದ್ವೀಪದ ಚುನಾವಣಾ ಫಲಿತಾಂಶಗಳ ಪಟ್ಟಿಯನ್ನು ಪಕ್ಷಗಳ ಹೆಸರು ಹಿಡಿದು ಓದಿದರೆ ತಲೆಬುಡ ತಿಳಿಯುವುದಿಲ್ಲ, ಮನುಷ್ಯರ ಹೆಸರು ಹಿಡಿದು ಓದಿದರೆ ಬಹಳ ನೇರವಾಗಿ ತಿಳಿಯುತ್ತದೆ.

ಮೊದಲು ಗಾತ್ರದ ವಿಷಯ. 2024ರ ಚುನಾವಣೆಯಲ್ಲಿ ಲಕ್ಷದ್ವೀಪದ ಮತದಾರರ ಸಂಖ್ಯೆ 58 ಸಾವಿರಕ್ಕೆ ಸ್ವಲ್ಪ ಕಡಿಮೆ ಇತ್ತು. ಅದೇ ವರ್ಷ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಸುಮಾರು 32 ಲಕ್ಷ ಮತದಾರರಿದ್ದರು. ಅಂದರೆ ಲೋಕಸಭೆಯಲ್ಲಿ ಒಂದು ಸ್ಥಾನವನ್ನು ತುಂಬುವ ಮಟ್ಟಿಗೆ ದ್ವೀಪಗಳ ರಾಜಧಾನಿ ಕವರತ್ತಿಯ ಒಬ್ಬ ಮತದಾರನ ತೂಕ ಹೆಬ್ಬಾಳದ ಐವತ್ತೈದು ಮತದಾರರ ತೂಕಕ್ಕೆ ಸಮ. ನಿಮ್ಮ ದಕ್ಷಿಣ ಕನ್ನಡ ಕ್ಷೇತ್ರದಲ್ಲಿ 2024ರಲ್ಲಿ ಗೆದ್ದವರ ಅಂತರವೇ ಸುಮಾರು 1.49 ಲಕ್ಷ ಮತಗಳು. 2011ರ ಜನಗಣತಿಯಂತೆ ಲಕ್ಷದ್ವೀಪದ ಇಡೀ ಜನಸಂಖ್ಯೆ, ತೊಟ್ಟಿಲ ಕೂಸೂ ಸೇರಿ, 64 ಸಾವಿರ ಚಿಲ್ಲರೆ. ಹೀಗಿದ್ದೂ ಇಬ್ಬರು ಸಂಸದರಿಗೂ ಸಿಗುವ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಅದೇ 5 ಕೋಟಿ ರೂಪಾಯಿ. ಚುನಾವಣಾ ವೆಚ್ಚದ ಮಿತಿಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಇನ್ನೂ ವಿಚಿತ್ರವಾಗಿ ಕಾಣುತ್ತದೆ: ಲಕ್ಷದ್ವೀಪದ ಅಭ್ಯರ್ಥಿ 75 ಲಕ್ಷದವರೆಗೆ, ದಕ್ಷಿಣ ಕನ್ನಡದ ಅಭ್ಯರ್ಥಿ 95 ಲಕ್ಷದವರೆಗೆ ಖರ್ಚು ಮಾಡಬಹುದು. ತಲೆಗೆ ಹಂಚಿದರೆ ಅಲ್ಲಿ ಒಬ್ಬ ಮತದಾರನಿಗೆ ಸುಮಾರು 130 ರೂಪಾಯಿ, ಇಲ್ಲಿ ಸುಮಾರು 5 ರೂಪಾಯಿ.

ಇದನ್ನು ಅನ್ಯಾಯ ಎನ್ನುವವರಿದ್ದಾರೆ, ಆದರೆ ಇದು ಕಣ್ತಪ್ಪಿನಿಂದ ಆದದ್ದಲ್ಲ. ಜನಸಂಖ್ಯೆಗೂ ಲೋಕಸಭಾ ಸ್ಥಾನಗಳಿಗೂ ಇರುವ ಅನುಪಾತ ಸಾಧ್ಯವಾದಷ್ಟು ಒಂದೇ ಆಗಿರಬೇಕು ಎಂದು ಸಂವಿಧಾನದ 81ನೇ ವಿಧಿಯ ಎರಡನೇ ಖಂಡ ಹೇಳುವುದು ರಾಜ್ಯಗಳಿಗೆ ಮಾತ್ರ, ಅದರಲ್ಲೂ ತೀರ ಸಣ್ಣ ರಾಜ್ಯಗಳನ್ನು ಬಿಟ್ಟು. ಕೇಂದ್ರಾಡಳಿತ ಪ್ರದೇಶಗಳ ವಿಷಯದಲ್ಲಿ ಅದೇ ವಿಧಿ, ಒಟ್ಟು ಇಪ್ಪತ್ತಕ್ಕೆ ಮೀರದಷ್ಟು ಸದಸ್ಯರು ಇರಲಿ, ಅವರನ್ನು ಆರಿಸುವ ಬಗೆಯನ್ನು ಸಂಸತ್ತು ಕಾನೂನಿನ ಮೂಲಕ ನಿರ್ಧರಿಸಲಿ ಎಂದಷ್ಟೇ ಹೇಳಿ ಬಿಟ್ಟಿದೆ. ಆದ್ದರಿಂದ ಕೇಂದ್ರಾಡಳಿತ ಪ್ರದೇಶವೊಂದು ಎಷ್ಟೇ ಚಿಕ್ಕದಿದ್ದರೂ ಅದಕ್ಕೆ ಒಂದು ಸ್ಥಾನ ಕೊಡಲು ಅಡ್ಡಿಯಿಲ್ಲ. ಇದರ ಹಿಂದಿನ ವಿವೇಕ ತಿಳಿಯಬೇಕಾದರೆ ಲಕ್ಷದ್ವೀಪಕ್ಕೆ ಏನೇನು ಇಲ್ಲ ಎಂಬುದನ್ನು ನೋಡಬೇಕು. ಅಲ್ಲಿ ವಿಧಾನಸಭೆಯಿಲ್ಲ, ಮುಖ್ಯಮಂತ್ರಿಯಿಲ್ಲ, ರಾಜ್ಯಸಭೆಯಲ್ಲಿ ಸ್ಥಾನವಿಲ್ಲ. ದೆಹಲಿ ನೇಮಿಸಿದ ಆಡಳಿತಾಧಿಕಾರಿ ಇದ್ದಾರೆ, ಕೆಳಗೆ 1990ರ ದಶಕದಲ್ಲಿ ಬಂದ ಪಂಚಾಯಿತಿ ವ್ಯವಸ್ಥೆ ಇದೆ. ನಡುವೆ ಜನ ಆರಿಸಿ ಕಳುಹಿಸುವ ವ್ಯಕ್ತಿ ಎಂದರೆ ಸಂಸದರೊಬ್ಬರೇ. ನಮ್ಮಲ್ಲಿ ಗ್ರಾಮ ಪಂಚಾಯಿತಿಯಿಂದ ಹಿಡಿದು ಶಾಸಕರವರೆಗೆ ಹಂಚಿಹೋಗುವ ಅಹವಾಲುಗಳೆಲ್ಲ, ಹಡಗಿನ ಟಿಕೆಟ್ಟು ಸಿಗಲಿಲ್ಲ ಎಂಬುದೂ ಸೇರಿದಂತೆ, ಅಲ್ಲಿ ಆ ಒಬ್ಬರ ಮನೆಯ ಜಗುಲಿಗೆ ಬಂದು ಬೀಳುತ್ತವೆ. ನನ್ನ ಮಟ್ಟಿಗೆ, ಈ ಕ್ಷೇತ್ರದ ಚುನಾವಣೆಗಳು ಅಷ್ಟೊಂದು ಬಿಸಿಯಾಗಿರುವುದಕ್ಕೆ ಇದೇ ಮೂಲ ಕಾರಣ.

ಮಂಗಳೂರಿನವರಾದ ನಿಮಗೆ ಇತಿಹಾಸದ ಒಂದು ತುಣುಕು ಹತ್ತಿರವಾದೀತು. ಇಂದು ಲಕ್ಷದ್ವೀಪ ಎನ್ನುವ ದ್ವೀಪಗಳೆಲ್ಲ ಮೊದಲು ಒಂದೇ ಆಡಳಿತದ ಕೆಳಗಿರಲಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ಗುಂಪು, ಅಂದರೆ ಅಮಿನ್‌ದಿವಿ ದ್ವೀಪಗಳು, ಕಣ್ಣೂರಿನ ಅರಕ್ಕಲ್ ಬೀಬಿಯ ಆಳ್ವಿಕೆಯಿಂದ 18ನೇ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪುವಿನ ಕೈಗೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ವಶವಾಗಿ, ದಕ್ಷಿಣ ಕೆನರಾ ಜಿಲ್ಲೆಗೆ ಸೇರಿದವು. ಅಲ್ಲಿನವರು ಹೊಸೆದ ತೆಂಗಿನ ನಾರಿನ ಹುರಿಯನ್ನು ಸರಕಾರವೇ ಮಂಗಳೂರಿನಲ್ಲಿ ಕೊಂಡು, ಬದಲಿಗೆ ಅಕ್ಕಿ ಕೊಡುವ ಪದ್ಧತಿ ಬಹುಕಾಲ ನಡೆದಿತ್ತು. ಕವರತ್ತಿ, ಆಂಡ್ರೋತ್, ಅಗತ್ತಿ, ಕಲ್ಪೇನಿ ಮತ್ತು ದೂರದ ಮಿನಿಕಾಯ್ ಮಲಬಾರ್ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಏಕೀಕರಣಗೊಂಡ ಅದೇ ದಿನ, ಈ ಎರಡೂ ಗುಂಪುಗಳನ್ನು ಮದ್ರಾಸ್ ರಾಜ್ಯದಿಂದ ಬಿಡಿಸಿ 'ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದಿವಿ ದ್ವೀಪಗಳು' ಎಂಬ ಉದ್ದ ಹೆಸರಿನ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಆಡಳಿತ ಕಚೇರಿ 1964ರವರೆಗೂ ಕೋಯಿಕ್ಕೋಡಿನಲ್ಲೇ ಇತ್ತು; ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವಾದ ದಿನವೇ.

ಕೇಂದ್ರಾಡಳಿತ ಪ್ರದೇಶವಾದ ತಕ್ಷಣ ಜನರಿಗೆ ಮತ ಸಿಗಲಿಲ್ಲ. 1957 ಮತ್ತು 1962ರ ಲೋಕಸಭೆಗಳಿಗೆ ಈ ದ್ವೀಪಗಳ ಪರವಾಗಿ ರಾಷ್ಟ್ರಪತಿಯವರು ಕೆ. ನಲ್ಲಕೋಯ ತಂಙಳ್ ಎಂಬವರನ್ನು ನಾಮಕರಣ ಮಾಡಿದ್ದರು. ದೇಶದ ಉಳಿದ ಭಾಗದಲ್ಲಿ ಮೂರು ಮಹಾಚುನಾವಣೆಗಳು ಮುಗಿದ ಮೇಲೆ, 1965ರಲ್ಲಿ ಸಂಸತ್ತು ಕೇಂದ್ರಾಡಳಿತ ಪ್ರದೇಶಗಳ ನೇರ ಚುನಾವಣೆಗೆ ಕಾಯ್ದೆ ಮಾಡಿತು. ಅದರಂತೆ 1967ರಲ್ಲಿ ದ್ವೀಪವಾಸಿಗಳು ಮೊದಲ ಬಾರಿಗೆ ತಮ್ಮ ಸಂಸದರನ್ನು ತಾವೇ ಆರಿಸಿದರು.

ಆ ಮೊದಲ ಚುನಾವಣೆಯಲ್ಲಿ ಗೆದ್ದವರು ಆಂಡ್ರೋತ್ ದ್ವೀಪದ ಪಿ.ಎಂ. ಸಯೀದ್. 1941ರ ಮೇ ತಿಂಗಳಲ್ಲಿ ಹುಟ್ಟಿದ ಅವರಿಗೆ ಆಗಿನ್ನೂ ಸ್ಪರ್ಧಿಸಲು ಬೇಕಾದ 25 ವರ್ಷ ದಾಟಿ ಕೆಲವು ತಿಂಗಳುಗಳಾಗಿದ್ದವಷ್ಟೆ. ಓದಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಆಮೇಲೆ ಬೊಂಬಾಯಿಯಲ್ಲಿ ಕಾನೂನು. ದ್ವೀಪಗಳ ಜೊತೆಗಿನ ನಿಮ್ಮೂರಿನ ನಂಟು ಹುರಿ, ಅಕ್ಕಿಗಳಲ್ಲೇ ನಿಂತಿರಲಿಲ್ಲ. ಅವರು ನಿಂತದ್ದು ಪಕ್ಷೇತರರಾಗಿ. ಆಮೇಲೆ ಕಾಂಗ್ರೆಸ್ ಸೇರಿದರು, 1971ರಲ್ಲಿ ಎದುರಾಳಿಯೇ ಇಲ್ಲದೆ ಅವಿರೋಧವಾಗಿ ಆಯ್ಕೆಯಾದರು. 2024ರಲ್ಲಿ ಸೂರತ್‌ನಲ್ಲಿ ಅವಿರೋಧ ಆಯ್ಕೆಯಾದಾಗ ಪತ್ರಿಕೆಗಳು ಹಳೆಯ ಪಟ್ಟಿ ತೆಗೆದವಲ್ಲ, ಅದರಲ್ಲಿ ಈ ಹೆಸರೂ ಇತ್ತು. 1977, 1980, 1984, 1989, 1991, 1996, 1998, 1999 ಹೀಗೆ ಒಟ್ಟು ಹತ್ತು ಚುನಾವಣೆ, ಮೂವತ್ತೇಳು ವರ್ಷ. ಕೇಂದ್ರದಲ್ಲಿ ರಾಜ್ಯ ಸಚಿವರಾಗಿ ಉಕ್ಕು ಮತ್ತು ಗಣಿ, ಗೃಹ, ವಾರ್ತೆ ಮತ್ತು ಪ್ರಸಾರ ಖಾತೆಗಳಲ್ಲಿ ಕೆಲಸ ಮಾಡಿದರು. 1998ರಿಂದ 2004ರವರೆಗೆ, ನಡುವೆ ಲೋಕಸಭೆ ವಿಸರ್ಜನೆಯಾಗಿದ್ದ ಕೆಲವು ತಿಂಗಳುಗಳನ್ನು ಬಿಟ್ಟು, ಉಪಸಭಾಧ್ಯಕ್ಷರಾಗಿದ್ದರು.

ಇಲ್ಲಿ 1980ರ ಫಲಿತಾಂಶವನ್ನು ಬೇರೆಯಾಗಿ ನೋಡಬೇಕು. ಆ ವರ್ಷ ಇಂದಿರಾ ಗಾಂಧಿಯವರು ಅಬ್ಬರದಿಂದ ಅಧಿಕಾರಕ್ಕೆ ಮರಳಿದರು. ಸಯೀದ್ ಅವರು ಆ ಹೊತ್ತಿಗೆ ಇಂದಿರಾ ಅವರ ಎದುರು ಪಾಳೆಯದ ಕಾಂಗ್ರೆಸ್ (ಯು)ನಲ್ಲಿದ್ದರು. ನಮ್ಮ ದೇವರಾಜ ಅರಸರ ಹೆಸರಿನೊಂದಿಗೆ ಬೆಸೆದುಕೊಂಡಿದ್ದ ಆ ಪಕ್ಷ ಕರ್ನಾಟಕದಲ್ಲಿ ನೆಲ ಕಚ್ಚಿತು, ದೇಶದಾದ್ಯಂತ ಹದಿಮೂರು ಸ್ಥಾನಗಳಿಗೆ ಇಳಿಯಿತು. ಆ ಹದಿಮೂರರಲ್ಲಿ ಒಂದು ಲಕ್ಷದ್ವೀಪ. ಅಲೆ ದೇಶವನ್ನೆಲ್ಲ ತೊಳೆದರೂ ಆ ಹವಳದ ದಿಬ್ಬಗಳನ್ನು ಮುಟ್ಟಲಿಲ್ಲ. 1984ರ ಹೊತ್ತಿಗೆ ಅವರು ಮತ್ತೆ ಕಾಂಗ್ರೆಸ್ಸಿನಲ್ಲಿದ್ದರು, ಮತದಾರರೂ ಅವರ ಜೊತೆಗೇ ಇದ್ದರು. ಪಕ್ಷೇತರ, ಕಾಂಗ್ರೆಸ್, ಕಾಂಗ್ರೆಸ್ (ಯು), ಮರಳಿ ಕಾಂಗ್ರೆಸ್ ಎಂದು ಚಿಹ್ನೆಗಳು ಬದಲಾಗುತ್ತಿದ್ದಾಗ ಬದಲಾಗದೆ ಉಳಿದದ್ದು ಒಂದೇ ಹೆಸರು. ಜನ ಓಟು ಹಾಕುತ್ತಿದ್ದುದು ಚಿಹ್ನೆಗಲ್ಲ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಹಾಗಾದರೆ ಯಾವುದಕ್ಕೆ? ದ್ವೀಪಗಳ ಸಮಾಜರಚನೆಯನ್ನು ಒಂದು ಗಳಿಗೆ ಗಮನಿಸಿ. 2011ರ ಲೆಕ್ಕದಂತೆ ಅಲ್ಲಿನ ಜನರಲ್ಲಿ ನೂರಕ್ಕೆ 96ಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು, ನೂರಕ್ಕೆ 94ಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಆದ್ದರಿಂದ ನಮ್ಮ ಕಡೆಯ ಚುನಾವಣಾ ಲೆಕ್ಕಾಚಾರದಲ್ಲಿ ಮೊದಲು ಬರುವ ಜಾತಿ, ಧರ್ಮಗಳ ಕೂಡಿ ಕಳೆಯುವಿಕೆಗೆ ಅಲ್ಲಿ ಜಾಗವೇ ಕಡಿಮೆ. ಆ ಸ್ಥಾನದಲ್ಲಿ ಇರುವುದು ಮನೆತನ ಮತ್ತು ದ್ವೀಪ. ಇಸ್ಲಾಮನ್ನು ಒಪ್ಪಿಯೂ ಅಲ್ಲಿನವರು ತಾಯಿಯ ಕಡೆಯಿಂದ ಬರುವ ವಂಶ, ಆಸ್ತಿಗಳ ಪದ್ಧತಿಯನ್ನು ಉಳಿಸಿಕೊಂಡು ಬಂದಿದ್ದಾರೆ. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯ ತರವಾಡಿನಲ್ಲಿ, ಅಂದರೆ ತಾಯಿಯ ಕಡೆಯ ಕುಟುಂಬದ ಮನೆಯಲ್ಲಿ, ಹುಟ್ಟಿ ಬೆಳೆದು, ಮದುವೆಯ ಮೂಲಕ ಇನ್ನೊಂದು ತರವಾಡಿಗೆ ನಂಟು ಕಟ್ಟಿಕೊಳ್ಳುವ ಈ ವ್ಯವಸ್ಥೆಯಲ್ಲಿ ಒಬ್ಬ ಅಭ್ಯರ್ಥಿಗೆ ಒಂದು ದ್ವೀಪದ ಅರ್ಧಕ್ಕರ್ಧ ಮನೆಗಳು ಯಾವುದೋ ಬಗೆಯಲ್ಲಿ ಸಂಬಂಧವಾಗಿಬಿಡುತ್ತವೆ. ಅಂಥ ಕಡೆ ಒಮ್ಮೆ ನಿಂತ ಬಣ ಸುಲಭವಾಗಿ ಕರಗುವುದಿಲ್ಲ. ಸಯೀದ್ ಅವರ ಕಡೆಯವರು, ಅವರನ್ನು ವಿರೋಧಿಸುವವರು ಎಂಬ ಎರಡು ಬಣಗಳು ಹುಟ್ಟಿಕೊಂಡದ್ದು ಹೀಗೆ. ರಾಷ್ಟ್ರೀಯ ಪಕ್ಷಗಳ ಹೆಸರುಗಳು ಆಮೇಲೆ ಬಂದು ಈ ಬಣಗಳ ಮೇಲೆ ಅಂಗಿಯಂತೆ ಕೂತವು.

ಮಿನಿಕಾಯ್ ದ್ವೀಪವನ್ನು ಮಾತ್ರ ಇದರಲ್ಲಿ ಸೇರಿಸಬಾರದು. ಅದು ಉಳಿದವುಗಳಿಂದ ಸುಮಾರು 200 ಕಿಲೋಮೀಟರ್ ತೆಂಕಣಕ್ಕಿದೆ, ಅಲ್ಲಿನ ಮಾತು ಮಲಯಾಳದ ಬಗೆಯಾದ ಜೆಸರಿಯಲ್ಲ, ಮಾಲ್ಡೀವ್ಸ್‌ನ ಭಾಷೆಗೆ ಸೇರಿದ ಮಹಲ್. ಹತ್ತು ಸಾವಿರಕ್ಕೂ ಹೆಚ್ಚು ಜನರಿರುವ ಆ ದ್ವೀಪದಲ್ಲಿ ಪ್ರಚಾರ ಮಾಡಬೇಕಾದ ಅಮಿನಿಯ ಅಥವಾ ಆಂಡ್ರೋತ್‌ನ ಅಭ್ಯರ್ಥಿಗೆ ಭಾಷೆಯೂ ಬೇರೆ, ನಂಟಸ್ತಿಕೆಯೂ ಬೇರೆ.

ಈಗ 2004ಕ್ಕೆ ಬರೋಣ. ಅಮಿನಿಯ ಡಾ. ಪಿ. ಪೂಕುಂಞಿ ಕೋಯ ಜನತಾದಳ (ಸಂಯುಕ್ತ), ಅಂದರೆ ಜೆಡಿಯುದಿಂದ ನಿಂತಿದ್ದರು. ಎಣಿಕೆ ಮುಗಿದಾಗ ಅವರಿಗೆ 15,597 ಮತ, ಸಯೀದ್ ಅವರಿಗೆ 15,526. ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಮೊದಲ ಎರಡು ಅಂಕೆ ಒಂದೇ, ಮೂರನೆಯದೂ ಒಂದೇ. ವ್ಯತ್ಯಾಸ ಕಾಣುವುದು ಕೊನೆಯ ಎರಡರಲ್ಲಿ. 71 ಮತಗಳ ಅಂತರವೆಂದರೆ 36 ಮಂದಿ ಆಚೆಯಿಂದ ಈಚೆಗೆ ಬಂದಿದ್ದರೆ ಫಲಿತಾಂಶ ತಿರುವುಮುರುವಾಗುತ್ತಿತ್ತು, ಹತ್ತು ದ್ವೀಪಗಳಿಗೆ ಹಂಚಿದರೆ ದ್ವೀಪಕ್ಕೆ ನಾಲ್ಕು ಜನವೂ ಬೇಡ. ಒಂದೇ ತರವಾಡಿನ ಮುನಿಸು ಸಾಕು. ಇದರಲ್ಲೂ ದೇಶದ ಗಾಳಿಯ ವಿರುದ್ಧ ಹೋಗುವ ಹಳೆಯ ಚಾಳಿ ಕಾಣುತ್ತದೆ: ದೆಹಲಿಯಲ್ಲಿ ವಾಜಪೇಯಿಯವರ ಒಕ್ಕೂಟ ಸೋತು ಕಾಂಗ್ರೆಸ್ ಗೆದ್ದ ವರ್ಷವೇ ಲಕ್ಷದ್ವೀಪದಲ್ಲಿ ಕಾಂಗ್ರೆಸ್ ಸೋತು ವಾಜಪೇಯಿಯವರ ಮಿತ್ರಪಕ್ಷ ಗೆದ್ದಿತು. ಜೆಡಿಯುಗೆ ಆ ಲೋಕಸಭೆಯಲ್ಲಿ ಸಿಕ್ಕ ಎಂಟು ಸ್ಥಾನಗಳಲ್ಲಿ ಆರು ಬಿಹಾರದವು, ಒಂದು ಉತ್ತರ ಪ್ರದೇಶದ್ದು, ಉಳಿದದ್ದು ಇದು. ಇದನ್ನು ನಿತೀಶ್ ಕುಮಾರರ ಪ್ರಭಾವ ಎಂದು ಯಾರೂ ತಿಳಿಯಬೇಕಾಗಿಲ್ಲ.

ಸೋತರೂ ಸಯೀದ್ ಅವರನ್ನು ಮನಮೋಹನ್ ಸಿಂಗ್ ಸಂಪುಟಕ್ಕೆ ಇಂಧನ ಸಚಿವರಾಗಿ ತೆಗೆದುಕೊಂಡರು. ಲಕ್ಷದ್ವೀಪಕ್ಕೆ ರಾಜ್ಯಸಭಾ ಸ್ಥಾನವಿಲ್ಲದ್ದರಿಂದ ಅವರು ದೆಹಲಿಯಿಂದ ರಾಜ್ಯಸಭೆಗೆ ಹೋಗಬೇಕಾಯಿತು. 2005ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಅವರು ತೀರಿಕೊಂಡರು.

2009ರಲ್ಲಿ ಮಗ ಹಮ್ದುಲ್ಲಾ ಸಯೀದ್ ಕಾಂಗ್ರೆಸ್ಸಿನಿಂದ ನಿಂತು 20,492 ಮತ ಪಡೆದು, 2,198 ಮತಗಳ ಅಂತರದಿಂದ ಗೆದ್ದರು. ಆ ಲೋಕಸಭೆಯ ಅತಿ ಕಿರಿಯ ಸದಸ್ಯರ ಸಾಲಿನಲ್ಲಿ ಅವರ ಹೆಸರಿತ್ತು. ಎದುರಿಗಿದ್ದವರು ಅದೇ ಪೂಕುಂಞಿ ಕೋಯ, ಆದರೆ ಈ ಸಲ ಪಕ್ಷ ಎನ್‌ಸಿಪಿ. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಶರದ್ ಪವಾರ್ ಅವರ ಪಕ್ಷ ಅರಬ್ಬಿ ಸಮುದ್ರ ದಾಟಿ ಬಂದು ದ್ವೀಪವಾಸಿಗಳ ಮನ ಗೆದ್ದದ್ದೇನಲ್ಲ. ಸಯೀದ್ ವಿರೋಧಿ ಬಣ ಜನತಾದಳದ ಅಂಗಿ ಬಿಚ್ಚಿಟ್ಟು ಎನ್‌ಸಿಪಿಯ ಅಂಗಿ ತೊಟ್ಟಿತು, ಅಷ್ಟೆ. 2014ರಲ್ಲಿ ಆ ಬಣದ ಅಭ್ಯರ್ಥಿ ಬದಲಾಗಿ ಆಂಡ್ರೋತ್‌ನವರೇ ಆದ ಪಿ.ಪಿ. ಮೊಹಮ್ಮದ್ ಫೈಸಲ್ ಬಂದರು, 21,665 ಮತ ಪಡೆದು ಹಮ್ದುಲ್ಲಾ ಅವರನ್ನು 1,535 ಮತಗಳಿಂದ ಸೋಲಿಸಿದರು. 2019ರಲ್ಲಿ ಫೈಸಲ್ 22,851, ಹಮ್ದುಲ್ಲಾ 22,028, ಅಂತರ 823. ಆ ಚುನಾವಣೆಯಲ್ಲಿ ಮೂರನೇ ಸ್ಥಾನಕ್ಕೆ ಬಂದ ಜೆಡಿಯು ಅಭ್ಯರ್ಥಿ ಪಡೆದದ್ದು 1,342 ಮತ, ಅಂದರೆ ಗೆಲುವಿನ ಅಂತರಕ್ಕಿಂತ ಹೆಚ್ಚು. ದೇಶದಲ್ಲಿ 303 ಸ್ಥಾನ ಗೆದ್ದ ಬಿಜೆಪಿಗೆ ಇಲ್ಲಿ ಬಂದದ್ದು 125 ಮತ, ಯಾರೂ ಬೇಡ ಎಂದು ನೋಟಾ ಒತ್ತಿದವರು ನೂರು ಮಂದಿ. ಕಾಂಗ್ರೆಸ್ಸೂ ಎನ್‌ಸಿಪಿಯೂ ದೆಹಲಿಯಲ್ಲಿ ಮಿತ್ರಪಕ್ಷಗಳು ಎಂಬುದನ್ನು ಇಲ್ಲಿ ಮರೆಯಬಾರದು. ಕೂಟದ ನಾಯಕರು ವೇದಿಕೆಯ ಮೇಲೆ ಕೈ ಕೈ ಹಿಡಿದು ನಿಂತಾಗಲೂ ಆಂಡ್ರೋತ್‌ನ ಎರಡು ಮನೆಗಳ ನಡುವೆ ಹೊಂದಾಣಿಕೆ ಆದದ್ದಿಲ್ಲ.

ಹೊಂದಾಣಿಕೆಯ ಮಾತಿರಲಿ, ಇವರ ಜಗಳ ಎಷ್ಟು ದೂರ ಹೋಯಿತೆಂದರೆ ಸಂಸದರೊಬ್ಬರು ಒಂದೇ ವರ್ಷದಲ್ಲಿ ಎರಡು ಸಲ ಸ್ಥಾನ ಕಳೆದುಕೊಂಡು ಎರಡು ಸಲ ಮರಳಿ ಪಡೆದರು. 2009ರ ಚುನಾವಣೆಯ ಸಂದರ್ಭದಲ್ಲಿ ದಿವಂಗತ ಪಿ.ಎಂ. ಸಯೀದ್ ಅವರ ಅಳಿಯನ ಮೇಲೆ ನಡೆದ ಹಲ್ಲೆಯ ಪ್ರಕರಣದಲ್ಲಿ, ಕವರತ್ತಿಯ ಸೆಷನ್ಸ್ ನ್ಯಾಯಾಲಯ 2023ರ ಜನವರಿ 11ರಂದು ಫೈಸಲ್ ಮತ್ತು ಇತರ ಮೂವರಿಗೆ ಕೊಲೆ ಯತ್ನದ ಅಪರಾಧಕ್ಕಾಗಿ ಹತ್ತು ವರ್ಷ ಶಿಕ್ಷೆ ವಿಧಿಸಿತು. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದ ಸದಸ್ಯರು ಜನಪ್ರತಿನಿಧಿ ಕಾಯ್ದೆಯ 8ನೇ ಕಲಮಿನಂತೆ ತಕ್ಷಣವೇ ಅನರ್ಹರಾಗುತ್ತಾರೆ. ಮೇಲ್ಮನವಿ ಸಲ್ಲಿಸಿ ಸ್ಥಾನ ಉಳಿಸಿಕೊಳ್ಳಲು ಹಿಂದೆ ಇದ್ದ ಮೂರು ತಿಂಗಳ ಅವಕಾಶವನ್ನು ಸುಪ್ರೀಂ ಕೋರ್ಟ್ 2013ರಲ್ಲೇ ತೆಗೆದುಹಾಕಿತ್ತು. ಲೋಕಸಭಾ ಸಚಿವಾಲಯ ಜನವರಿ 13ರಂದು ಅನರ್ಹತೆಯ ಅಧಿಸೂಚನೆ ಹೊರಡಿಸಿತು. ಜನವರಿ 18ರಂದು ಚುನಾವಣಾ ಆಯೋಗ ಉಪಚುನಾವಣೆಗೆ ಫೆಬ್ರವರಿ 27ರ ದಿನಾಂಕ ಗೊತ್ತುಮಾಡಿತು. ಜನವರಿ 25ರಂದು ಕೇರಳ ಹೈಕೋರ್ಟ್ ತೀರ್ಪನ್ನು ಅಮಾನತಿನಲ್ಲಿಟ್ಟಿತು, ಆಯೋಗ ಉಪಚುನಾವಣೆಯನ್ನು ಕೈಬಿಟ್ಟಿತು. ನಡೆದಿದ್ದರೆ ಅದು ಆ ಕ್ಷೇತ್ರದ ಮೊದಲ ಉಪಚುನಾವಣೆಯಾಗುತ್ತಿತ್ತು.

ಹೈಕೋರ್ಟ್ ಕೊಟ್ಟ ಕಾರಣಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ಇಷ್ಟು ಸಣ್ಣ ಕ್ಷೇತ್ರಕ್ಕೆ ದೊಡ್ಡ ಖರ್ಚಿನ ಚುನಾವಣೆ ನಡೆಸಬೇಕು, ಗೆದ್ದವರಿಗೆ ಉಳಿಯುವ ಅವಧಿಯಾದರೂ ಒಂದೂವರೆ ವರ್ಷಕ್ಕಿಂತ ಕಡಿಮೆ. ಹೈಕೋರ್ಟಿನ ಆದೇಶ ಬಂದು ಎರಡು ತಿಂಗಳಾದರೂ ಸಚಿವಾಲಯ ಸದಸ್ಯತ್ವವನ್ನು ಮರಳಿಸಲಿಲ್ಲ. ಫೈಸಲ್ ಸುಪ್ರೀಂ ಕೋರ್ಟಿಗೆ ಹೋಗಿ, ವಿಚಾರಣೆ ಶುರುವಾಗುವ ಮುನ್ನ ಮಾರ್ಚ್ 29ರಂದು ಅಧಿಸೂಚನೆ ಬಂತು. ಅಷ್ಟಕ್ಕೇ ಮುಗಿಯಲಿಲ್ಲ. ಚುನಾವಣೆಯ ಖರ್ಚನ್ನು ಮುಖ್ಯವಾಗಿ ಲೆಕ್ಕಕ್ಕೆ ತೆಗೆದುಕೊಂಡದ್ದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ ಆಗಸ್ಟ್ 22ರಂದು ಆ ಆದೇಶವನ್ನು ರದ್ದುಮಾಡಿ ಮರುಪರಿಶೀಲನೆಗೆ ಕಳುಹಿಸಿತು, ಅಕ್ಟೋಬರ್ 3ರಂದು ಹೈಕೋರ್ಟ್ ಅಮಾನತಿಗೆ ಒಪ್ಪಲಿಲ್ಲ, ಮರುದಿನವೇ ಎರಡನೇ ಅನರ್ಹತೆ. ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ನವೆಂಬರ್ 2ರಂದು ಸದಸ್ಯತ್ವ ಮತ್ತೆ ಬಂತು. ಅನರ್ಹತೆಗೆ ಒಂದೆರಡು ದಿನ, ಮರಳಿಸುವುದಕ್ಕೆ ವಾರಗಟ್ಟಲೆ ಎಂಬ ಈ ವೇಗದ ವ್ಯತ್ಯಾಸವನ್ನು ಓದುಗರು ಗಮನಿಸಬೇಕು. ಬೇರೆ ಕಡೆ ಸಂಸದರ ಸ್ಥಾನ ಖಾಲಿಯಿದ್ದರೆ ಶಾಸಕರಾದರೂ ಇರುತ್ತಾರೆ, ಇಲ್ಲಿ ಆ ತಿಂಗಳುಗಳಲ್ಲಿ ದೆಹಲಿಯಲ್ಲಿ ದ್ವೀಪಗಳ ಪರವಾಗಿ ಚುನಾಯಿತರು ಒಬ್ಬರೂ ಇರಲಿಲ್ಲ.

ಇದೇ ಅವಧಿಯಲ್ಲಿ ದ್ವೀಪಗಳಲ್ಲಿ ಬೇರೊಂದು ಬೇಗುದಿಯೂ ಇತ್ತು. 2020ರ ಡಿಸೆಂಬರ್‌ನಲ್ಲಿ ಆಡಳಿತಾಧಿಕಾರಿಯಾಗಿ ಬಂದ ಪ್ರಫುಲ್ ಖೋಡಾ ಪಟೇಲ್ ಅವರ ಕಾಲದಲ್ಲಿ ಹೊರಟ ಕರಡು ನಿಯಮಗಳು, ಭೂಮಿಯ ಮೇಲೆ ಅಭಿವೃದ್ಧಿ ಪ್ರಾಧಿಕಾರಕ್ಕೆ ವಿಶಾಲ ಅಧಿಕಾರ, ಗೋಹತ್ಯೆ ನಿಷೇಧ, ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರಿಗೆ ಪಂಚಾಯಿತಿ ಚುನಾವಣೆಯಲ್ಲಿ ನಿರ್ಬಂಧ ಇತ್ಯಾದಿ, 2021ರಲ್ಲಿ ದೊಡ್ಡ ಪ್ರತಿಭಟನೆಗೆ ಕಾರಣವಾದವು. ಸರಕು ಸಾಗಣೆಯನ್ನು ಕೇರಳದ ಬೇಪೂರಿನಿಂದ ನಿಮ್ಮ ಮಂಗಳೂರಿಗೆ ತಿರುಗಿಸುವ ಪ್ರಯತ್ನವೂ ಆ ವಿವಾದದ ಒಂದು ಭಾಗವಾಗಿತ್ತು. ನಮಗೆ ಬಂದರಿನ ವ್ಯಾಪಾರವಾಗಿ ಕಂಡದ್ದು, ಭಾಷೆ ಮತ್ತು ಓದು ಎರಡಕ್ಕೂ ಕೇರಳವನ್ನು ನೆಚ್ಚಿದ ಅವರಿಗೆ ಕೇರಳದ ನಂಟನ್ನು ಕಡಿಯುವ ಯತ್ನವಾಗಿ ಕಂಡಿತು. ಈ ಸಿಟ್ಟು 2024ರ ಫಲಿತಾಂಶವನ್ನು ನಿರ್ಧರಿಸಿತೆಂದು ಹಲವರು ಬರೆದರು. ನಾನು ಹಾಗೆ ಭಾವಿಸುವುದಿಲ್ಲ, ಏಕೆಂದರೆ ಎರಡೂ ಬಣಗಳು ಆ ಕ್ರಮಗಳನ್ನು ವಿರೋಧಿಸಿದ್ದವು. ಒಂದೇ ಕಡೆಗೆ ಹರಿಯಬೇಕಾದ ಸಿಟ್ಟು ಇಬ್ಬರಿಗೂ ಹಂಚಿಹೋಗಿತ್ತು.

2024ರ ಏಪ್ರಿಲ್ 19ರಂದು, ಮೊದಲ ಹಂತದಲ್ಲೇ ಮತದಾನ ನಡೆಯಿತು. ಎನ್‌ಸಿಪಿ ಎರಡಾಗಿತ್ತು, ಫೈಸಲ್ ಶರದ್ ಪವಾರ್ ಬಣದಲ್ಲಿ ಉಳಿದರು, ಅಜಿತ್ ಪವಾರ್ ಬಣದ ಅಭ್ಯರ್ಥಿಯನ್ನು ಬಿಜೆಪಿ ಬೆಂಬಲಿಸಿತು. ಹಮ್ದುಲ್ಲಾ 25,726 ಮತ ಪಡೆದು 2,647 ಮತಗಳಿಂದ ಗೆದ್ದರು, ಫೈಸಲ್ ಅವರಿಗೆ 23,079. ಬಿಜೆಪಿ ಬೆಂಬಲದ ಅಭ್ಯರ್ಥಿಗೆ ಬಂದದ್ದು 201. ಹತ್ತಿರ ಹತ್ತಿರ 49 ಸಾವಿರ ಮತಗಳು ಇಬ್ಬರ ನಡುವೆಯೇ ಹಂಚಿಹೋಗಿ, ಉಳಿದವರೆಲ್ಲರಿಗೂ ನೋಟಾಕ್ಕೂ ಸೇರಿ ನಾಲ್ಕು ನೂರೂ ಬರಲಿಲ್ಲ. 1967ರಿಂದ ನಡೆದ ಹದಿನೈದು ಸಾರ್ವತ್ರಿಕ ಚುನಾವಣೆಗಳಲ್ಲಿ ಹನ್ನೆರಡು ಒಂದೇ ಮನೆಗೆ ಸಂದಿವೆ. ನಾಮಕರಣಗೊಂಡವರನ್ನೂ ಸೇರಿಸಿದರೆ 1957ರಿಂದ ಈವರೆಗೆ ಆ ಕುರ್ಚಿಯಲ್ಲಿ ಕೂತವರು ಐದೇ ಜನ.

ಮತದಾನದ ಪ್ರಮಾಣದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. 2014, 2019, 2024 ಮೂರೂ ಸಲ ನೂರಕ್ಕೆ 84ಕ್ಕಿಂತ ಹೆಚ್ಚು ಮಂದಿ ಮತ ಹಾಕಿದ್ದಾರೆ. ಬೆಂಗಳೂರಿನಲ್ಲಿ ಮತಗಟ್ಟೆ ಮನೆಯಿಂದ ಕೂಗಳತೆಯಲ್ಲಿದ್ದರೂ ಅರ್ಧದಷ್ಟು ಜನ ಹೊರಡುವುದಿಲ್ಲ. ಅಲ್ಲಿ ಮತಯಂತ್ರಗಳೂ ಸಿಬ್ಬಂದಿಯೂ ಹಡಗಿನಲ್ಲಿ, ಹೆಲಿಕಾಪ್ಟರಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಬೇಕು. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಎಲ್ಲ ಯಂತ್ರಗಳೂ ಮರಳಿ ಕವರತ್ತಿಗೆ ಬಂದು ಅಲ್ಲಿ ಎಣಿಕೆಯಾಗುತ್ತದೆ. ಮೇ ನಡುವಿನಿಂದ ಮಳೆಗಾಲದ ಕಡಲು ಸಣ್ಣ ಹಡಗುಗಳಿಗೆ ಬಾಗಿಲು ಹಾಕುವುದರಿಂದ ಏಪ್ರಿಲ್ ತಿಂಗಳ ಮತದಾನ ಎಲ್ಲರಿಗೂ ಅನುಕೂಲ. 2009ರಿಂದ ನಾಲ್ಕೂ ಚುನಾವಣೆಗಳು ಏಪ್ರಿಲ್‌ನಲ್ಲೇ ನಡೆದಿವೆ. ಬಿತ್ರಾ ದ್ವೀಪದಲ್ಲಿ 2011ರಲ್ಲಿ ಇದ್ದವರು 271 ಜನ. ಮಧ್ಯಾಹ್ನದ ನಮಾಜಿಗೆ ಮುಂಚೆ ಅಭ್ಯರ್ಥಿಯೊಬ್ಬರು ಅಲ್ಲಿನ ಪ್ರತಿ ಮನೆಯ ಬಾಗಿಲಿಗೂ ಹೋಗಿ ಮಾತಾಡಿ ಬರಬಹುದು. ಹಾಗೆ ಹೋಗದೆ ಉಳಿದ ಒಂದು ಮನೆ ಯಾವುದು ಎಂಬುದೂ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಕೊನೆಯ ಪ್ರಶ್ನೆ, ನಮ್ಮ ಕಡೆಯವರು ಅಲ್ಲಿ ನಿಲ್ಲಬಹುದೇ ಎಂಬುದು. ನಿಲ್ಲಲಾಗದು, ಮತ್ತು ಈ ವಿಷಯದಲ್ಲಿ ಲಕ್ಷದ್ವೀಪದ್ದು ಬೇರೆಯೇ ನಿಯಮ. ಸಾಮಾನ್ಯ ಲೋಕಸಭಾ ಕ್ಷೇತ್ರದಲ್ಲಿ ದೇಶದ ಯಾವ ಮೂಲೆಯ ಮತದಾರನೂ ಸ್ಪರ್ಧಿಸಬಹುದು. ಹಾಗಾಗಿಯೇ 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ, 1999ರಲ್ಲಿ ಸೋನಿಯಾ ಗಾಂಧಿ ಬಳ್ಳಾರಿಗೆ ಬಂದು ನಿಂತು ಗೆದ್ದರು. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರದಲ್ಲೂ ಸಾಮಾನ್ಯವಾಗಿ ಬೇರೆ ರಾಜ್ಯದ ಪರಿಶಿಷ್ಟ ಪಂಗಡದವರಿಗೆ ಅಡ್ಡಿಯಿಲ್ಲ, ರಾಯಚೂರಿನವರು ಜಾರ್ಖಂಡಿನಲ್ಲಿ ನಿಲ್ಲಬಹುದು. ಆದರೆ ಲಕ್ಷದ್ವೀಪದ ಮೀಸಲು ಸ್ಥಾನಕ್ಕೆ 1951ರ ಜನಪ್ರತಿನಿಧಿ ಕಾಯ್ದೆಯ 4ನೇ ಕಲಮಿನಲ್ಲಿ ಪ್ರತ್ಯೇಕ ಉಪಖಂಡವೇ ಇದೆ: ಅಭ್ಯರ್ಥಿ ಆ ದ್ವೀಪಗಳ ಪರಿಶಿಷ್ಟ ಪಂಗಡಕ್ಕೆ ಸೇರಿದವರಾಗಿರಬೇಕು, ಜೊತೆಗೆ ಆ ಕ್ಷೇತ್ರದ ಮತದಾರರೂ ಆಗಿರಬೇಕು. ಪರಿಶಿಷ್ಟ ಪಂಗಡ ಎಂದರೆ ಅಲ್ಲಿ ಒಂದು ನಿರ್ದಿಷ್ಟ ಬುಡಕಟ್ಟಿನ ಹೆಸರಲ್ಲ. ತಾನೂ ತನ್ನ ತಂದೆ ತಾಯಿ ಇಬ್ಬರೂ ಆ ದ್ವೀಪಗಳಲ್ಲಿ ಹುಟ್ಟಿರುವ ನಿವಾಸಿ ಎಂಬುದೇ ಅದರ ವ್ಯಾಖ್ಯೆ. ಹೆರಿಗೆಗೆ ಕೊಚ್ಚಿಗೋ ಕೋಯಿಕ್ಕೋಡಿಗೋ ಹೋಗಿದ್ದ ತಾಯಂದಿರ ಮಕ್ಕಳು ಇದರಿಂದ ಹೊರಗುಳಿಯುವ ತೊಡಕಿದ್ದುದರಿಂದ, ಮುಂದೆ ತಿದ್ದುಪಡಿ ತಂದು, ಅಂಥವರು ದ್ವೀಪದಲ್ಲೇ ಕಾಯಂ ನೆಲೆಸಿದರೆ ಅಲ್ಲಿ ಹುಟ್ಟಿದವರೆಂದೇ ಪರಿಗಣಿಸಬೇಕೆಂದು ಸೇರಿಸಲಾಯಿತು. ಕವರತ್ತಿಯ ಬ್ಯಾಂಕಿಗೋ ಶಾಲೆಗೋ ವರ್ಗವಾಗಿ ಹೋಗಿ ಅಲ್ಲೇ ವಾಸವಾಗಿರುವ ಮಂಗಳೂರಿನವರು ಅಲ್ಲಿನ ಮತದಾರರ ಪಟ್ಟಿಗೆ ಹೆಸರು ಸೇರಿಸಿ ಓಟು ಹಾಕಬಹುದು. ನಾಮಪತ್ರ ಸಲ್ಲಿಸಲು ಬರುವುದಿಲ್ಲ.